ಮಾತನಾಡಿದವರ ಹೆಸರು

ಮೇಷ್ಟ್ರು ಸ್ಟಾಫ್ ರೂಮಿಗೆ ಹೋಗುವಾಗ ಕ್ಲಾಸ್ ಲೀಡರನ ಕೈಗೆ ಸೀಮೆಸುಣ್ಣದ ತುಂಡೊಂದನ್ನು ಕೊಟ್ಟು, "ಮಾತಾಡಿದವರ ಹೆಸರು ಬರೆದಿಡು" ಎಂದು ಹೇಳಿ ಹೋಗುವ ಪದ್ಧತಿಯನ್ನು ನಮ್ಮ ಕಡೆಯ ಶಾಲೆಗಳಲ್ಲಿ ಓದಿದ ಯಾರಿಗೂ ವಿವರಿಸಬೇಕಾಗಿಲ್ಲ. ಕಪ್ಪುಹಲಗೆಯ ಬಲಮೂಲೆಯಲ್ಲಿ ಉದ್ದಕ್ಕೊಂದು ಗೆರೆ ಎಳೆದು, ‘ಮಾತನಾಡಿದವರು’ ಎಂದು ತಲೆಬರಹ ಕೊಟ್ಟು, ಅದರಡಿಯಲ್ಲಿ ಹೆಸರುಗಳನ್ನು ಒಂದರ ಕೆಳಗೊಂದರಂತೆ ಬರೆಯಬೇಕು. ಒಮ್ಮೆ ಹೆಸರು ಬಿದ್ದವನು ಮತ್ತೆ ಬಾಯಿ ತೆರೆದರೆ ಹೆಸರಿನ ಮುಂದೆ ಗುಣಾಕಾರದ ಚಿಹ್ನೆ; ಚಿಹ್ನೆಗೊಂದು ಪೆಟ್ಟು. 1996ರಲ್ಲಿ, ದಕ್ಷಿಣ ಕೊಡಗಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿಯಲ್ಲಿ, ಆ ಸೀಮೆಸುಣ್ಣ ನನ್ನ ಕೈಯಲ್ಲಿತ್ತು. ನನ್ನ ಅಕ್ಷರ ದುಂಡಗಿತ್ತು; ಲೀಡರನಾಗಲು ಇದ್ದ ಅರ್ಹತೆ ಅಷ್ಟೇ.

ತರಗತಿಯಲ್ಲಿ 40ರ ಆಸುಪಾಸು ಮಕ್ಕಳಿದ್ದೆವು. ಪಾಠವೆಲ್ಲ ಕನ್ನಡದಲ್ಲಿ, ಬಿಡುವಿನ ಗಂಟೆ ಹೊಡೆದ ಕೂಡಲೇ ಅಂಗಳದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು ಎಲ್ಲವೂ ತಂತಮ್ಮ ಗುಂಪು ಕಟ್ಟಿಕೊಳ್ಳುತ್ತಿದ್ದವು. ಗುಂಪು ಕಟ್ಟಲು ಜೊತೆಯೇ ಇಲ್ಲದ ಭಾಷೆಯೊಂದಿತ್ತು. ಅದು ಒಬ್ಬನ ಮನೆಮಾತು. ಆ ಹುಡುಗ ಕೊಡಗಿನ ಎರವ ಬುಡಕಟ್ಟಿನವನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ನಾನು ಅದನ್ನು ಬರೆದದ್ದೇ ಸಾಕಾಗಿದೆ.

ಅವನು ತೋಟವೊಂದರ ಆಳುಗಳ ಸಾಲುಮನೆಯಿಂದ, ಅಂದರೆ ಲೈನ್ ಮನೆಯಿಂದ, ಮೂರು ಕಿಲೋಮೀಟರ್ ಒಳದಾರಿಯಲ್ಲಿ ನಡೆದು ಬರುತ್ತಿದ್ದ. ಮಳೆಗಾಲದಲ್ಲಿ ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಜಿಗಣೆ ಹತ್ತಿಸಿಕೊಳ್ಳದೆ ಬರಬೇಕಾದರೆ ಗಂಬೂಟು ಬೇಕು. ಅವನ ಕಾಲಲ್ಲಿದ್ದುದು ಹವಾಯಿ ಚಪ್ಪಲಿ. ಜುಲೈ ತಿಂಗಳ ಒಂದು ಬೆಳಿಗ್ಗೆ ಗಣಿತದ ಪಾಠ ನಡೆಯುತ್ತಿದ್ದಾಗ ಅವನ ಬೆಂಚಿನ ಕೆಳಗೆ ಕೆಂಪು ನೀರು ಹರಿಯುತ್ತಿರುವುದನ್ನು ಕಂಡು ಯಾರೋ ಕಿರುಚಿದರು. ಜಿಗಣೆ ಕಚ್ಚುವಾಗ ನೋವು ಗೊತ್ತಾಗುವುದಿಲ್ಲ. ಅದರ ಜೊಲ್ಲಿನಲ್ಲಿರುವ ಒಂದು ವಸ್ತು ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲವಾದ್ದರಿಂದ, ಅದು ಹೊಟ್ಟೆ ತುಂಬಿಸಿಕೊಂಡು ಉದುರಿಹೋದ ಮೇಲೂ ಗಾಯ ಬಹಳ ಹೊತ್ತು ಒಸರುತ್ತಲೇ ಇರುತ್ತದೆ. ಹಿಮ್ಮಡಿಯಿಂದ ಇಳಿದ ರಕ್ತ ಚಪ್ಪಲಿಯ ಮಳೆನೀರಿನೊಂದಿಗೆ ಬೆರೆತು, ಸಿಮೆಂಟಿನ ನೆಲದ ಇಳಿಜಾರು ಹಿಡಿದು ಮುಂದಿನ ಬೆಂಚಿನವರೆಗೂ ಬಂದಿತ್ತು. ಎಲ್ಲರೂ ಕಾಲು ಮೇಲೆತ್ತಿಕೊಂಡ ಮೇಲೆಯೇ ಅವನು ಬಗ್ಗಿ ನೋಡಿದ್ದು. ಕೊಡಗಿನಲ್ಲಿ ಜಿಗಣೆ ಕಚ್ಚಿಸಿಕೊಳ್ಳದ ಮಗುವೇ ಇಲ್ಲ. ನಮ್ಮೆಲ್ಲರ ಮನೆಗಳಲ್ಲೂ ಮಳೆಗಾಲದುದ್ದಕ್ಕೂ ಜಗಲಿಯ ಮೂಲೆಯಲ್ಲಿ ಉಪ್ಪೋ ಸುಣ್ಣವೋ ಇದ್ದೇ ಇರುತ್ತಿತ್ತು. ಹಾಗಿದ್ದೂ ಅಂದು ಮಧ್ಯಾಹ್ನದ ಊಟದ ಹೊತ್ತಿಗೆ ‘ಜಿಗಣೆ’ ಎಂಬುದು ಅವನೊಬ್ಬನ ಹೆಸರಾಗಿತ್ತು.

ಹೆಸರಿನ ಹಿಂದೆಯೇ ಒಂದು ಆಟವೂ ಹುಟ್ಟಿಕೊಂಡಿತು. ಅವನು ಮುಟ್ಟಿದ್ದನ್ನು ಮುಟ್ಟಿದವರಿಗೆ ‘ಜಿಗಣೆ’ ಹತ್ತುತ್ತದೆ. ಹತ್ತಿಸಿಕೊಂಡವರು ಅದನ್ನು ಇನ್ನೊಬ್ಬರ ಮೈಗೆ ಒರೆಸಿ ‘ಪಾಸ್’ ಎನ್ನಬೇಕು. ಬೆರಳುಗಳನ್ನು ಹೆಣೆದುಕೊಂಡವರಿಗೆ ಅದು ತಾಗುವುದಿಲ್ಲ. ಕಾಪಿ ಪುಸ್ತಕಗಳನ್ನು ಹಂಚುವಾಗ ಅವನ ಪುಸ್ತಕದ ಮೇಲಿದ್ದ ಮತ್ತು ಕೆಳಗಿದ್ದ ಪುಸ್ತಕಗಳಿಗೂ ಈ ದೋಷ ಅಂಟುತ್ತಿತ್ತು. ನಿಯಮಗಳನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಬೇಕಾದ ಅಗತ್ಯವೂ ಇರಲಿಲ್ಲ. ಎರವರಿಗೆ ಹಿತ್ತಿಲ ಬಾಗಿಲಲ್ಲಿ ಬೇರೆಯೇ ತಟ್ಟೆಯಲ್ಲಿ ಬಡಿಸುವುದನ್ನು ನೋಡುತ್ತಲೇ ಬೆಳೆದ ಮಕ್ಕಳು ನಾವು. ಎರವರು ತಲೆಮಾರುಗಳಿಂದ ಸಿಲುಕಿದ್ದ ಜೀತ ಪದ್ಧತಿಯನ್ನು ರದ್ದುಪಡಿಸಿದ ಕಾಯ್ದೆ 1976ರದು. ಅದಕ್ಕೆ 20 ತುಂಬಿದ ವರ್ಷ ನಮ್ಮ ಆಟ ನಡೆಯುತ್ತಿತ್ತು.

ಆಗಸ್ಟ್‌ನಲ್ಲಿ ಒಂದು ದಿನ ಮೇಷ್ಟ್ರು ಆಫೀಸಿಗೆ ಹೋಗಿದ್ದರು. ನಾನು ಹಲಗೆಯ ಮುಂದೆ ನಿಂತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಚೀಲದಿಂದ ಕಾಗದದ ಪೊಟ್ಟಣವನ್ನು ತೆಗೆದ, ಅದರಲ್ಲಿ ಕಲ್ಲುಪ್ಪಿತ್ತು. ಇಬ್ಬರು ಎರವರ ಹುಡುಗನ ತೋಳುಗಳನ್ನು ಹಿಡಿದರು, ಪೊಟ್ಟಣ ತಂದವನು ಅಂಗಿಯ ಕಾಲರನ್ನು ಹಿಂದಕ್ಕೆಳೆದು ಬೆನ್ನೊಳಗೆ ಉಪ್ಪು ಸುರಿದ. ಜಿಗಣೆಗೆ ಉಪ್ಪು ಹಾಕಿದರೆ ಅದು ಮುದುಡಿಕೊಳ್ಳುವುದಲ್ಲವೇ, ತಮಾಷೆ ಅದು. ತರಗತಿ ನಕ್ಕಿತು. ನಗದವರೂ ಇದ್ದರು ಎಂಬುದು ನನಗೆ ಚೆನ್ನಾಗಿ ನೆನಪಿದೆ: ಕಿಟಕಿಯ ಬದಿಯ ಇಬ್ಬರು ಹುಡುಗಿಯರು ತೆರೆದಿಟ್ಟ ಪುಸ್ತಕದಿಂದ ತಲೆಯನ್ನೇ ಎತ್ತಲಿಲ್ಲ. ಅವನು ತನ್ನ ಭಾಷೆಯಲ್ಲಿ ಗಟ್ಟಿಯಾಗಿ ಏನೋ ಕೂಗಿದ. ಸದ್ದು ಆಫೀಸಿನವರೆಗೆ ಕೇಳಿಸಿದರೆ ಲೀಡರನಿಗೂ ಪೆಟ್ಟು ಬೀಳುತ್ತದೆ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದುದು. ನಾನು ಹಲಗೆಯ ಕಡೆ ತಿರುಗಿ, ‘ಮಾತನಾಡಿದವರು’ ಎಂಬುದರ ಕೆಳಗೆ ಅವನ ಹೆಸರನ್ನು ಬರೆದೆ.

ಮೇಷ್ಟ್ರು ಬಂದು ನೋಡಿದಾಗ ಹಲಗೆಯ ಮೇಲೆ ಇದ್ದುದು ಅದೊಂದೇ ಹೆಸರು. "ಯಾಕೋ ಕೂಗಿದ್ದು?" ಎಂದು ಕೇಳಿದರು. ಅವನೂ ಹೇಳಲಿಲ್ಲ, ನಾವು ಯಾರೂ ಹೇಳಲಿಲ್ಲ. ಎರಡು ಪೆಟ್ಟು ಬಿದ್ದವು. ಅವನು ಕೈ ಚಾಚಿದಾಗ ಅಂಗಿಯ ಅಂಚಿನಿಂದ ಉಪ್ಪಿನ ಹರಳುಗಳು ನೆಲಕ್ಕೆ ಉದುರಿದ್ದು, ಪಕ್ಕದಲ್ಲೇ ನಿಂತಿದ್ದ ನನಗೆ ಕಾಣಿಸಿತು.

ಜನವರಿಯಲ್ಲಿ ರೋಬಸ್ಟಾ ಕಾಫಿಯ ಕೊಯ್ಲು ಶುರುವಾದಾಗ ಅವನು ಬರುವುದನ್ನು ನಿಲ್ಲಿಸಿದ. ಕೊಯ್ಲಿನ ಕಾಲದಲ್ಲಿ ಲೈನ್ ಮನೆಗಳ ಮಕ್ಕಳು ಶಾಲೆ ತಪ್ಪಿಸುವುದು ಎಲ್ಲರಿಗೂ ಗೊತ್ತಿದ್ದ ವಿಷಯವೇ ಆದ್ದರಿಂದ, ಬೇರೆ ಕಾರಣ ಹುಡುಕುವ ಕಷ್ಟವನ್ನು ಕಾಫಿ ಎಲ್ಲರಿಗೂ ತಪ್ಪಿಸಿತು. ಕೊಯ್ಲು ಮುಗಿದ ಮೇಲೂ ಅವನು ಬರಲಿಲ್ಲ. ಅವನು ಶಾಲೆ ಬಿಟ್ಟದ್ದು ಕಾಫಿಗಾಗಿಯೋ ಉಪ್ಪಿಗಾಗಿಯೋ ಎಂದು ಕೇಳುವವರು ನಮ್ಮ ಹಾಜರಿ ಪುಸ್ತಕದ ಸುತ್ತಮುತ್ತ ಯಾರೂ ಇರಲಿಲ್ಲ.

ಇಷ್ಟು ವರ್ಷಗಳ ಮೇಲೆ ಇದನ್ನೆಲ್ಲ ಬರೆಯಲು ಕಾರಣ ನನ್ನ ಮಗಳು. ಈ ಜೂನ್‌ನಲ್ಲಿ ಅವಳು ಏಳನೇ ತರಗತಿಗೆ ಬಂದಳು. ನಾನು ತೋಟವೊಂದರಲ್ಲಿ ರೈಟರ್. (ಹೊರಗಿನ ಓದುಗರು ಸಾಹಿತಿ ಎಂದುಕೊಳ್ಳಬಾರದು, ಕೊಡಗಿನಲ್ಲಿ ರೈಟರ್ ಎಂದರೆ ಚೆಕ್‌ರೋಲಿನಲ್ಲಿ ಆಳುಗಳ ಹಾಜರಿ ಬರೆದು ಕೆಲಸ ನೋಡಿಕೊಳ್ಳುವವನು. ಹೆಸರು ಬರೆಯುವ ಕೆಲಸ ನನ್ನನ್ನು ಬಿಟ್ಟಿಲ್ಲ.) ಕೆಲವು ವರ್ಷಗಳಿಂದ ನಮ್ಮ ತೋಟಗಳಿಗೆ ಅಸ್ಸಾಮಿನಿಂದ ಕುಟುಂಬಗಳು ಕೆಲಸಕ್ಕೆ ಬರುತ್ತಿವೆ. ಅಂಥ ಒಂದು ಕುಟುಂಬದ ಹುಡುಗಿ ಮಗಳ ತರಗತಿಗೆ ಸೇರಿದ್ದಾಳೆ; ಅವಳ ತಂದೆತಾಯಿಯರ ಹೆಸರು ನನ್ನ ಚೆಕ್‌ರೋಲಿನಲ್ಲಿಯೇ ಇದೆ.

ಆ ಹುಡುಗಿಯ ಮನೆಮಾತಿನಲ್ಲಿ ಳಕಾರವಿಲ್ಲ. ಅವಳು ಮಳೆಗೆ ‘ಮಲೆ’ ಎನ್ನುತ್ತಾಳೆ, ಹಾಳೆಗೆ ‘ಹಾಲೆ’ ಎನ್ನುತ್ತಾಳೆ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಮಗಳು ನಗುತ್ತಾ ಹೇಳಿದಳು: ಬಿಡುವಿನಲ್ಲಿ ಎಲ್ಲರೂ ಅವಳನ್ನು ಜಗಲಿಯ ಕಂಬದ ಹತ್ತಿರ ಸುತ್ತುವರಿದು, "ಹೊರಗೆ ಏನು ಬರ್ತಾ ಉಂಟು?" ಎಂದು ಕೇಳುತ್ತಾರಂತೆ. ಅವಳು ಅಂಗಳದ ಕಡೆ ನೋಡಿ "ಮಲೆ" ಎನ್ನುತ್ತಾಳಂತೆ. "ಯಾವ ಮಲೆ? ಬ್ರಹ್ಮಗಿರಿಯಾ?" ಎಂದು ಒಬ್ಬ ಕೇಳಿದರೆ, "ಬೆಟ್ಟವೇ ಬರ್ತಾ ಉಂಟಂತೆ, ಓಡಿ!" ಎಂದು ಉಳಿದವರೆಲ್ಲ ಕೂಗಿ ಚದುರುತ್ತಾರಂತೆ. 2018ರ ಆಗಸ್ಟ್‌ನಲ್ಲಿ ನಿಜವಾಗಿಯೂ ಬೆಟ್ಟಗಳು ಮನೆಗಳ ಮೇಲೆ ಇಳಿದುಬಂದದ್ದನ್ನು ಕಂಡ ಜಿಲ್ಲೆಯಲ್ಲಿ ಮಕ್ಕಳಿಗೆ ಹೊಳೆದ ತಮಾಷೆ ಇದು. ಒಪ್ಪಿಕೊಳ್ಳಬೇಕು, ಕೇಳಿದ ಕ್ಷಣ ನನಗೂ ನಗು ಬಂತು. ಮೈಸೂರಿನ ಹಾಸ್ಟೆಲಿನಲ್ಲಿದ್ದ ನನ್ನ ತಮ್ಮನ ‘ಉಂಟು’ವನ್ನು ಇಡೀ ಕೊಠಡಿ ಅಣಕಿಸುತ್ತಿತ್ತೆಂದು ಅವನು ರಜೆಗೆ ಬಂದಾಗಲೆಲ್ಲ ಹೇಳಿ ಕುದಿಯುತ್ತಿದ್ದುದು ನೆನಪಾದದ್ದು ಆಮೇಲೆ.

"ನೀನೇನು ಮಾಡಿದೆ?" ಎಂದು ಕೇಳಿದೆ.

"ನಾನೇನೂ ಮಾಡ್ಲಿಲ್ಲ ಅಪ್ಪ, ಸುಮ್ಮನೆ ನಿಂತಿದ್ದೆ. ಅವಳೂ ನಗ್ತಾಳೆ."

ಆ ರಾತ್ರಿಯಿಂದ ಕೆಲವು ವಾರ ನಾನು ಶಾಲೆಯಲ್ಲಿ ಮಕ್ಕಳು ಮಕ್ಕಳಿಗೆ ಕೊಡುವ ಕಾಟದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಫಿನ್ಲೆಂಡಿನ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಅವರ ಸಹೋದ್ಯೋಗಿಗಳು 12-13 ವರ್ಷದ 573 ಮಕ್ಕಳನ್ನು ಅಧ್ಯಯನ ಮಾಡಿ ಪ್ರಕಟಿಸಿದ ಪ್ರಬಂಧವೊಂದಿದೆ. ಅದು ಪ್ರಕಟವಾದ ವರ್ಷ 1996. ನಾನು ಸೀಮೆಸುಣ್ಣ ಹಿಡಿದು ನಿಂತಿದ್ದ ವರ್ಷವೇ, ನಮ್ಮದೇ ವಯಸ್ಸಿನ ಮಕ್ಕಳ ಬಗ್ಗೆ. ತರಗತಿಯಲ್ಲಿ ಕಾಟ ಕೊಡುವವನು, ಅನುಭವಿಸುವವನು ಎಂಬ ಇಬ್ಬರು ಮಾತ್ರ ಇರುವುದಿಲ್ಲ ಎಂಬುದು ಅವರು ಕಂಡುಕೊಂಡ ಸಂಗತಿ. ತೋಳು ಹಿಡಿದು ನೆರವಾಗುವವರಿರುತ್ತಾರೆ, ನಕ್ಕು ಹುರಿದುಂಬಿಸುವವರಿರುತ್ತಾರೆ, ತಲೆ ಎತ್ತದೆ ಹೊರಗುಳಿಯುವವರಿರುತ್ತಾರೆ, ಅನುಭವಿಸುವವನ ಪರವಾಗಿ ನಿಲ್ಲುವ ಕೆಲವರೂ ಇರುತ್ತಾರೆ. ನಮ್ಮ ತರಗತಿಯ ಒಬ್ಬೊಬ್ಬರನ್ನೂ ಆ ಪಟ್ಟಿಯಲ್ಲಿ ಕೂರಿಸುವುದು ನನಗೆ ಕಷ್ಟವಾಗಲಿಲ್ಲ, ಕೊನೆಯ ಸಾಲೊಂದು ಖಾಲಿ ಉಳಿಯಿತು ಎಂಬುದನ್ನು ಬಿಟ್ಟರೆ. ನನ್ನನ್ನು ಎಲ್ಲಿ ಕೂರಿಸುವುದು ಎಂಬುದಕ್ಕೆ ಮಾತ್ರ ಬಹಳ ಹೊತ್ತು ಬೇಕಾಯಿತು. ಹೊರಗುಳಿದವನು ಎಂದು ಬರೆದುಕೊಂಡೆ, ಆಮೇಲೆ ಅದನ್ನು ಹೊಡೆದುಹಾಕಿದೆ.

ನೋಡುತ್ತಾ ನಿಲ್ಲುವವರ ಬಗ್ಗೆ ಇನ್ನೂ ಹಳೆಯ ಪ್ರಯೋಗವೊಂದಿದೆ. 1968ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕೋಣೆಯೊಂದರಲ್ಲಿ ಕೂರಿಸಿ, ಅವರು ಪ್ರಶ್ನಾವಳಿ ತುಂಬುತ್ತಿರುವಾಗ ಗೋಡೆಯ ಕಿಂಡಿಯಿಂದ ಹೊಗೆ ಬಿಟ್ಟರು. ಒಬ್ಬನೇ ಕುಳಿತಿದ್ದಾಗ 100ಕ್ಕೆ 75 ಮಂದಿ ಎದ್ದುಹೋಗಿ ತಿಳಿಸಿದರು. ಏನೂ ಆಗದವರಂತೆ ಕುಳಿತಿರಬೇಕೆಂದು ಮೊದಲೇ ಹೇಳಿಸಿಕೊಂಡಿದ್ದ ಇಬ್ಬರು ಪಕ್ಕದಲ್ಲಿದ್ದಾಗ 100ಕ್ಕೆ 10 ಮಂದಿ ಮಾತ್ರ ಎದ್ದರು. ಉಳಿದವರು ಕಣ್ಣುಜ್ಜಿಕೊಳ್ಳುತ್ತಾ, ಹೊಗೆಯನ್ನು ಕೈಯಿಂದ ಬೀಸಿಕೊಳ್ಳುತ್ತಾ ಬರೆಯುವುದನ್ನೇ ಮುಂದುವರಿಸಿದರು. ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ, ಪಕ್ಕದವರ ಮುಖದಲ್ಲಿ ಏನೂ ಕಾಣದಿದ್ದರೆ ಏನೂ ಆಗಿಲ್ಲವೆಂದುಕೊಳ್ಳುತ್ತಾರೆ. ಉಪ್ಪು ಸುರಿದ ದಿನ ಆ 40 ಮಕ್ಕಳು ನೋಡಿದ್ದು ಲೀಡರನ ಮುಖವನ್ನು. ಲಟಾನೆಯವರು ಹೇಳಿಕೊಟ್ಟು ಮಾಡಿಸಿದ ಕೆಲಸವನ್ನು ನಾನು ಯಾರೂ ಹೇಳಿಕೊಡದೆ ಮಾಡಿದ್ದೆ.

ಕೆನಡಾದ ಸಂಶೋಧಕಿಯರಾದ ಡೆಬ್ರಾ ಪೆಪ್ಲರ್ ಮತ್ತು ವೆಂಡಿ ಕ್ರೇಗ್ ಅವರ ತಂಡ ಟೊರಾಂಟೊದ ಶಾಲೆಗಳ ಆಟದ ಮೈದಾನಗಳಲ್ಲಿ ಮಕ್ಕಳಿಗೆ ಮೈಕ್ ಕಟ್ಟಿ, ದೂರದಿಂದ ಚಿತ್ರೀಕರಿಸಿ ಮಾಡಿದ ಅಧ್ಯಯನ ನನ್ನನ್ನು ಹೆಚ್ಚು ಹಿಡಿದಿಟ್ಟಿತು. 2001ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಕಾಟದ 100 ಪ್ರಸಂಗಗಳಲ್ಲಿ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಯಾರಾದರೂ ನಡುವೆ ಬಂದದ್ದು 19ರಲ್ಲಿ ಮಾತ್ರ. ಆದರೆ ಹಾಗೆ ನಡುವೆ ಬಂದಾಗ, ಅರ್ಧಕ್ಕಿಂತ ಹೆಚ್ಚು ಸಲ, 100ಕ್ಕೆ 57ರಷ್ಟು, 10 ಸೆಕೆಂಡಿನೊಳಗೆ ಕಾಟ ನಿಂತುಹೋಗಿತ್ತು. ಹತ್ತು ಸೆಕೆಂಡ್ ಎಂದರೆ ದುಂಡಕ್ಷರದಲ್ಲಿ ಹಲಗೆಯ ಮೇಲೆ ಒಂದು ಹೆಸರು ಬರೆಯುವಷ್ಟು ಹೊತ್ತು.

ಭಾಷೆಯ ವಿಷಯವೊಂದಿದೆ. ಸ್ವೀಡನ್, ನಾರ್ವೆಗಳಲ್ಲಿ ಇದನ್ನು ‘ಮಾಬಿಂಗ್’ ಎನ್ನುತ್ತಾರೆ. ಗುಂಪು ಎಂಬ ಅರ್ಥದ ಮಾಬ್‌ನಿಂದ ಬಂದ ಮಾತು. ಅಲ್ಲಿ ಪದದೊಳಗೇ ಜನ ನೆರೆದಿದ್ದಾರೆ. ನಮ್ಮಲ್ಲಿ ಕೀಟಲೆ, ಕಾಟ, ಚುಡಾಯಿಸುವುದು, ರೇಗಿಸುವುದು, ಗೋಳು ಹೊಯ್ದುಕೊಳ್ಳುವುದು ಎಂದು ಪದಗಳಿಗೇನೂ ಬರಗಾಲವಿಲ್ಲ; ಎಲ್ಲವೂ ಮಾಡುವವನೊಬ್ಬನ ಬಗ್ಗೆ ಹೇಳುತ್ತವೆ. ಸುತ್ತ ನಿಂತವರಿಗೆಂದು ಇರುವ ಪದ ‘ಹುಡುಗಾಟ’. ದೊಡ್ಡವರು ಆ ಪದವನ್ನು ಹೊದಿಸಿಬಿಟ್ಟರೆ ಒಳಗಿರುವುದು ಆಟವೋ ಕಾಟವೋ ಎಂದು ಯಾರೂ ಎತ್ತಿ ನೋಡುವುದಿಲ್ಲ. ಎರಡರ ನಡುವಿನ ಗೆರೆಯನ್ನು ಈ ಕ್ಷೇತ್ರದಲ್ಲಿ ಮೊದಲಿಗನೆನ್ನಬಹುದಾದ ಡಾನ್ ಓಲ್ವಿಯಸ್ ಸ್ಪಷ್ಟವಾಗಿಯೇ ಎಳೆದುಕೊಟ್ಟಿದ್ದಾರೆ: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ನೋಯುವವನಿಗೆ ತಿರುಗಿ ನಿಲ್ಲುವ ಬಲವಿಲ್ಲದಿರುವುದು. ಬಲವೆಂದರೆ ಮೈಕಟ್ಟೇ ಆಗಬೇಕಿಲ್ಲ. ರೈಟರನ ಮಗಳು ನಿಂತಿರುವ ಗುಂಪಿನ ನಡುವೆ ತೋಟದ ಆಳಿನ ಮಗಳು ನಿಂತಿದ್ದರೆ, ಅವಳು ನಗದೆ ಇನ್ನೇನು ಮಾಡಬೇಕು?

ಇನ್ನೊಂದು ಪದ ‘ಚಾಡಿ’. ಮಗಳ ಟೀಚರಿಗೆ ಹೇಳುತ್ತೇನೆಂದಾಗ ಅವಳ ಮುಖ ಬಿಳುಪೇರಿತು. "ಬೇಡ ಅಪ್ಪ, ಚಾಡಿ ಹೇಳಿದ ಹಾಗಾಗ್ತದೆ" ಎಂದಳು. ಪಾಠದ ನಡುವೆ ಪಕ್ಕದವಳೊಡನೆ ಪಿಸುಗುಟ್ಟಿದವರ ಹೆಸರನ್ನು ಹಲಗೆಯ ಮೇಲೆ ಬರೆಸಿ, ಅದನ್ನು ಶಿಸ್ತು ಎಂದು ಕರೆಯುವ ಶಾಲೆಯಲ್ಲಿಯೇ, ಒಬ್ಬಳನ್ನು ನೋಯಿಸಿದವರ ಹೆಸರು ಹೇಳಿದರೆ ಅದು ಚಾಡಿ. ಈ ವಿಚಿತ್ರ ನನಗೆ 12ನೇ ವಯಸ್ಸಿನಲ್ಲಿ ಹೊಳೆದಿರಲಿಲ್ಲ. ಶಾಲೆಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಯನ್ನು ದಪ್ಪ ಅಂಕಿಗಳಲ್ಲಿ ಬರೆಸಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ನಮ್ಮ ಮೇಷ್ಟ್ರ ಬೆತ್ತ ಈಗ ಇಲ್ಲ, ಇದೆಲ್ಲ ಒಳ್ಳೆಯದೇ. ನಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಎರಡು ಸಲ ಹೋಗಿದ್ದೇನೆ. ಮಕ್ಕಳು ಎದ್ದು ನಿಂತು ಬಸ್ಸು ಕೇಳುತ್ತಾರೆ, ಶೌಚಾಲಯಕ್ಕೆ ನೀರು ಕೇಳುತ್ತಾರೆ, ಆನೆ ಬರುವ ದಾರಿಗೆ ದೀಪ ಕೇಳುತ್ತಾರೆ. ಪಕ್ಕದ ಬೆಂಚಿನ ಬಗ್ಗೆ ಒಂದು ಮಾತೂ ಬರಲಿಲ್ಲ.

ಮಗಳಿಗೆ ನಾನು ಉಪ್ಪಿನ ಕಥೆಯನ್ನು ಹೇಳಿದೆ. ಹೆಸರು ಬರೆದದ್ದನ್ನೂ ಹೇಳಿದೆ. ಅವಳು ತುಸು ಹೊತ್ತು ಸುಮ್ಮನಿದ್ದು, "ಅವರನ್ನು ಆಮೇಲೆ ನೋಡಿದ್ದೀರಾ?" ಎಂದು ಕೇಳಿದಳು. ನೋಡಿದ್ದೇನೆ. ನಮ್ಮ ತಾಲ್ಲೂಕಿನಲ್ಲಿಯೇ ಇದ್ದಾನೆ, ಸಂತೆಯಲ್ಲಿ ಎದುರಾದರೆ ಇಬ್ಬರೂ ತಲೆಯಾಡಿಸಿ ಮುಂದೆ ಹೋಗುತ್ತೇವೆ. ಕ್ಷಮೆ ಕೇಳಿಲ್ಲ. ತರಕಾರಿ ಚೀಲ ಹಿಡಿದು ಹೆಂಡತಿ ಮಕ್ಕಳೊಡನೆ ನಿಂತವನ ಮುಂದೆ ಹೋಗಿ ಹಳೆಯ ಉಪ್ಪನ್ನು ಮತ್ತೆ ತೆರೆದಿಟ್ಟರೆ ಹಗುರಾಗುವುದು ನನ್ನ ಹೊರೆ ಮಾತ್ರ ಎಂದು ನನಗೆ ಅನಿಸಿದೆ. ಇದೂ ನುಣುಚಿಕೊಳ್ಳುವ ಒಂದು ದಾರಿಯೇ ಇರಬಹುದು.

ಎಲ್ಲರೆದುರು ನಿಂತು ‘ನಿಲ್ಲಿಸಿ’ ಎಂದು ಕೂಗು ಎಂದು ನಾನು ಮಗಳಿಗೆ ಹೇಳಲಿಲ್ಲ. 12 ವರ್ಷದ ಮಗುವಿಗೆ ಗೆಳತಿಯರ ಗುಂಪಿನಿಂದ ಹೊರಬೀಳುವುದು ಎಂಥ ಭಯವೆಂದು ನನಗೆ ಗೊತ್ತಿದೆ, ಆ ಭಯವನ್ನು ಹೇಡಿತನವೆಂದು ಕರೆಯುವ ದೊಡ್ಡವರ ಮೇಲೆ ನನಗೆ ಗೌರವವಿಲ್ಲ. ಫಿನ್ಲೆಂಡಿನಲ್ಲಿ ಸಾಲ್ಮಿವಲ್ಲಿಯವರ ತಂಡ ರೂಪಿಸಿದ ‘ಕಿವಾ’ ಎಂಬ ಕಾರ್ಯಕ್ರಮ 2009ರಿಂದ ದೇಶದ ಹೆಚ್ಚಿನ ಶಾಲೆಗಳಿಗೆ ಹರಡಿತು. ಕಿವಾ ಎಂದರೆ ಅವರ ಭಾಷೆಯಲ್ಲಿ ಚೆನ್ನ, ಸೊಗಸು ಎಂದರ್ಥ. ಅದರಲ್ಲಿ ನನಗೆ ಇಷ್ಟವಾದ ಅಂಶವೆಂದರೆ, ಕಾಟಕ್ಕೊಳಗಾದ ಮಗುವಿನ ತರಗತಿಯಲ್ಲಿ ಎಲ್ಲರೂ ಮೆಚ್ಚುವ ಎರಡರಿಂದ ನಾಲ್ಕು ಮಕ್ಕಳನ್ನು ಶಿಕ್ಷಕರು ಬೇರೆಯಾಗಿ ಕರೆದು, ಆ ಮಗುವಿಗೆ ಜೊತೆಯಾಗಿರಲು ಕೇಳಿಕೊಳ್ಳುತ್ತಾರೆ. ಭಾಷಣವಿಲ್ಲ, ಪ್ರತಿಜ್ಞೆಯಿಲ್ಲ. ಹಾಗಾಗಿ ನಾನು ಮಗಳಿಗೆ ಹೇಳಿದ್ದು ಇಷ್ಟು: ಸುತ್ತುಕಟ್ಟಿದಾಗ ನೀನು ನಗಬೇಡ, ಆಗುವುದಾದರೆ ಅವಳ ಕೈ ಹಿಡಿದು "ಬಾ, ನೀರು ಕುಡಿದು ಬರುವ" ಎಂದು ಕರೆದುಕೊಂಡು ಹೋಗು, ಆಗದಿದ್ದರೆ ಆಗಲಿಲ್ಲ ಎಂದು ಮನೆಗೆ ಬಂದು ಹೇಳು.

ಮೊದಲ ವಾರ ಆಗಲಿಲ್ಲ. ಎರಡನೆಯ ವಾರ ಒಂದು ದಿನ ಕರೆದುಕೊಂಡು ಹೋದಳು. ಮರುದಿನ ಗೆಳತಿಯರು ಇವಳನ್ನೂ ‘ಮಲೆ’ ಎಂದು ಕರೆದರು, ಮನೆಗೆ ಬಂದು ಚೀಲ ಎಸೆದು ನನ್ನ ಮೇಲೆ ರೇಗಿದಳು. ಆ ಸಿಟ್ಟು ನ್ಯಾಯವಾದದ್ದೇ. ಕೊನೆಗೆ ನಾನು ಟೀಚರನ್ನು ಕಂಡು, ಯಾರ ಹೆಸರನ್ನೂ ಹೇಳದೆ, ಬಿಡುವಿನ ಹೊತ್ತು ಜಗಲಿಯ ಕಂಬದ ಕಡೆ ಒಮ್ಮೆ ಬಂದು ಹೋಗಿ ಎಂದು ಕೇಳಿಕೊಂಡೆ. ಅವರು ಬೇಸರಿಸಿಕೊಳ್ಳಲಿಲ್ಲ. "ಎರಡು ತರಗತಿಗೆ ನಾನೊಬ್ಬಳೇ ಸಾರ್" ಎಂದರು, ಅದೂ ನಿಜವೇ. ಅದಾದ ಮೇಲೆ ಅವರು ಕೂರುವ ಜಾಗಗಳನ್ನು ಬದಲಿಸಿದರಂತೆ. ಮಗಳು ಮನೆಯಲ್ಲಿ ಈ ವಿಷಯ ಎತ್ತುವುದನ್ನು ಬಿಟ್ಟಳು. ನಾನೂ ಕೆದಕಲಿಲ್ಲ.

ಕಳೆದ ಶನಿವಾರ ಪೋಷಕರ ಸಭೆಗೆ ಸ್ವಲ್ಪ ಬೇಗನೆ ಹೋಗಿ, ಮಗಳ ತರಗತಿಯಲ್ಲಿ ಮೊಣಕಾಲು ಮಡಚಿಕೊಂಡು ಬೆಂಚಿನ ಮೇಲೆ ಕುಳಿತಿದ್ದೆ. ಹಲಗೆ ಈಗ ಹಸಿರು ಬಣ್ಣದ್ದು. ಬಲಮೂಲೆಯಲ್ಲಿ ಉದ್ದಕ್ಕೊಂದು ಗೆರೆ, ಮೇಲೆ ಅದೇ ತಲೆಬರಹ. ಈಗಿನ ಲೀಡರನ ಅಕ್ಷರವೂ ದುಂಡಗೇ ಇದೆ. ಐದು ಹೆಸರುಗಳಿದ್ದವು. ಮೂರನೆಯದು ನನ್ನ ಮಗಳದು, ಮುಂದೆ ಎರಡು ಗುಣಾಕಾರದ ಚಿಹ್ನೆ. ನಾಲ್ಕನೆಯದು ಆ ಹುಡುಗಿಯದು. ಅದರ ಮುಂದೆಯೂ ಎರಡು.